ಐದನೆಯ ಹಗ್ಗ

ಎಲ್ಲರೂ ಲಿಫ್ಟಪ್ಪ ಎಂದೇ ಕರೆಯುತ್ತಿದ್ದ ಆ ಮನುಷ್ಯ ಆಯುಷ್ಯವನ್ನೆಲ್ಲ ಲಿಫ್ಟುಗಳ ರಿಪೇರಿಯಲ್ಲೇ ಸವೆಸಿದವನು. ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟರೆ ಸಾಕು, ಎಲ್ಲಿ ಎಣ್ಣೆ ಬತ್ತಿದೆ ಎಂಬುದಿರಲಿ, ಏಳನೆಯ ಮಹಡಿಯ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆಂಬುದನ್ನೂ ಹೇಳುತ್ತಿದ್ದನಂತೆ. ಒಂದು ಆಸ್ಪತ್ರೆಯ ಲಿಫ್ಟು ಇವನು ಸ್ಪ್ಯಾನರ್ ಹಿಡಿದು ಬರುವುದನ್ನು ಕಂಡೇ ಹೆದರಿ ತಾನಾಗಿ ಸರಿಹೋಯಿತಂತೆ. ನಂಬದವರು ಮೆಟ್ಟಿಲು ಹತ್ತಿಕೊಂಡು ಹೋಗಬಹುದು.

ನಿವೃತ್ತನಾದ ಮೇಲೂ ಕೈ ಸುಮ್ಮನಿರಲಿಲ್ಲ. ಯಾರ್ಯಾರೋ ಬಿಸಾಡಿದ ಕಂಪ್ಯೂಟರುಗಳಿಂದ ನಾಲ್ಕು ಹಾರ್ಡ್ ಡಿಸ್ಕು ಕಿತ್ತು ತಂದು, ಒಂದೇ ಡಬ್ಬಿಗೆ ತುಂಬಿ, ನಾಲ್ಕೂ ಸೇರಿ ಒಂದೇ ದೊಡ್ಡ ಡಿಸ್ಕಿನಂತೆ ಕಾಣುವ ಹಾಗೆ ಜೋಡಿಸಿದ. ಆಗ ಕಂಪ್ಯೂಟರು ಕೇಳಿತ್ತು: ಎಲ್ಲವನ್ನೂ ಎರಡೆರಡು ಕಡೆ ಬರೆದಿಟ್ಟರೆ ಜಾಗ ಅರ್ಧವಾಗುತ್ತದೆ, ಒಂದೇ ಸಲ ಬರೆದರೆ ಪೂರ್ತಿ ಸಿಗುತ್ತದೆ, ಯಾವುದು ಬೇಕು? ಅರ್ಧಕ್ಕೆ ಒಪ್ಪುವ ಜಾಯಮಾನವೇ ಅವನದಲ್ಲ.

ಅಲ್ಲಿಂದ ಶುರುವಾಯಿತು ಹುಚ್ಚು. ನೆಂಟರಿಷ್ಟರ ಫೋನು ಕಂಡರೆ ಕಿತ್ತುಕೊಂಡು, ಇದ್ದ ಫೋಟೋ ವಿಡಿಯೋಗಳನ್ನೆಲ್ಲ ಡಬ್ಬಿಗೆ ಸುರಿದು, ಫೋನನ್ನು ತೊಳೆದ ತಟ್ಟೆಯ ಹಾಗೆ ಖಾಲಿ ಮಾಡಿ ಕೊಡುತ್ತಿದ್ದ. ಅವನನ್ನು ಕಂಡರೆ ಜನ ಫೋನು ಬಚ್ಚಿಡತೊಡಗಿದರು. ಬಚ್ಚಿಡಲಾಗದವನು ಅಣ್ಣ ಒಬ್ಬನೇ.

ಅಣ್ಣನ ಫೋನಿನಲ್ಲಿ ಅತ್ತಿಗೆ ಇದ್ದಳು. ತಾಯಿ ಕಾಣದ ಲಿಫ್ಟಪ್ಪನನ್ನು ಉಣಿಸಿ, ಬೈದು, ದೊಡ್ಡವನನ್ನಾಗಿ ಮಾಡಿದ ಅತ್ತಿಗೆ. ಬಟ್ಟೆ ಮಡಿಸುತ್ತ, ಗಂಡನನ್ನು ಗದರುತ್ತ, ಕ್ಯಾಮೆರಾ ಕಂಡು ಮುಖ ಮುಚ್ಚಿಕೊಳ್ಳುತ್ತ ಇದ್ದ ಅವಳ ವಿಡಿಯೋಗಳು. ಅವಳು ತೀರಿಕೊಂಡ ಮೇಲೆ ಅಣ್ಣನಿಗೆ ಉಳಿದ ದನಿ ಅದೊಂದೇ.

“ಇದನ್ನ ಜೇಬಲ್ಲಿಟ್ಕೊಂಡು ಓಡಾಡ್ತೀಯಲ್ಲಣ್ಣ, ಬಕೆಟ್‌ಗೆ ಬಿತ್ತು ಅನ್ಕೋ, ಅತ್ತಿಗೆ ಇನ್ನೊಂದ್ಸಲ ಹೋದ ಹಾಗೆ. ಕೊಡಿಲ್ಲಿ.”

“ತಗೋ. ಆದ್ರೆ ಇದ್ರಲ್ಲೂ ಒಂದು ಇರ್ಲಿ ಬಿಡೋ.”

“ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?”

ಅಣ್ಣನ ಫೋನೂ ಖಾಲಿಯಾಯಿತು. ಆಮೇಲೆ ಪ್ರತಿ ಭಾನುವಾರ ತಮ್ಮನ ಮನೆಗೆ ಬಂದು ಪರದೆಯ ಮುಂದೆ ಕುಳಿತು, ಹೆಂಡತಿಯಿಂದ ಬೈಸಿಕೊಂಡು ಹೋಗುತ್ತಿದ್ದ.

ಲಿಫ್ಟಪ್ಪನ ಹೆಂಡತಿಗೇ ಡಬ್ಬಿಯ ಮೇಲೆ ಅನುಮಾನ ಬಂದು ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು. ಅವನು ಹೊಸ ಡಿಸ್ಕೊಂದರಲ್ಲಿ ಎಲ್ಲದರ ಬ್ಯಾಕಪ್ ತೆಗೆದುಕೊಟ್ಟ.

“ಇದು ಬೀರುವಿನಲ್ಲೇ ಇರ್ಲಿ ಸಾರ್. ಡಬ್ಬಿಗೆ ಮಾತ್ರ ಸೇರಿಸ್ಬೇಡಿ.”

“ಏನಯ್ಯಾ, ಲಿಫ್ಟು ಎಷ್ಟು ಹಗ್ಗದ ಮೇಲೆ ನಿಂತಿರುತ್ತೆ ಗೊತ್ತಾ? ಒಂದು ಹರಿದ್ರೆ ಉಳಿದವು ಹಿಡ್ಕೋತವೆ. ನನ್ನ ಡಬ್ಬೀಲಿ ನಾಲ್ಕಿವೆ.”

“ಇವು ಹಗ್ಗ ಅಲ್ಲ ಸಾರ್. ಒಂದೊಂದು ವಿಡಿಯೋನೂ ಚೂರು ಚೂರಾಗಿ ನಾಲ್ಕರಲ್ಲೂ ಹಂಚಿಹೋಗಿರುತ್ತೆ. ಒಂದು ಕೆಟ್ರೆ ನಾಲ್ಕೂ ಕೆಟ್ಟ ಹಾಗೆ.”

“ಹೋಗಯ್ಯಾ, ಹಗ್ಗದ ವಿಷಯ ನಂಗೆ ಹೇಳ್ಕೊಡ್ಬೇಡ.”

ಸ್ವಲ್ಪ ಕಾಲದಲ್ಲೇ ಡಬ್ಬಿ ತುಂಬಿತು. ಬೀರುವಿನಲ್ಲಿ ಕೆಲಸವಿಲ್ಲದೆ ಮಲಗಿದ್ದ ಡಿಸ್ಕನ್ನು ಕಂಡರೆ ಲಿಫ್ಟಪ್ಪನ ಮೈ ಉರಿಯುತ್ತಿತ್ತು. ಒಳ್ಳೇ ಹಗ್ಗ, ಭಾರ ಹೊರದೆ ಜೋತುಬಿದ್ದಿದೆ!

“ಅದನ್ನ ಮುಟ್ಬೇಡಿ ಅಂದಿದ್ನಲ್ಲ ಅವನು,” ಎಂದಳು ಹೆಂಡತಿ.

“ಮುಟ್ಟೋಲ್ಲ ಕಣೇ, ಕೆಲಸಕ್ಕೆ ಹಚ್ತೀನಿ. ಐದು ಹಗ್ಗ ಆದ್ರೆ ಆನೆ ನೇತಾಕಬಹುದು.”

ಡಬ್ಬಿಗೆ ಸೇರಿಸಿದರೆ ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಕಂಪ್ಯೂಟರು ಎಚ್ಚರಿಸಿತು. ಅಳಿಯಲಿ, ಎಲ್ಲವೂ ಡಬ್ಬಿಯಲ್ಲಿ ಇದ್ದೇ ಇದೆಯಲ್ಲ ಎಂದು ಹೂಂ ಒತ್ತಿದ.

ಕೆಲವು ದಿನ ಕಳೆದು ಹಳೆಯ ನಾಲ್ಕರಲ್ಲಿ ಒಂದು ಟಕ್ ಟಕ್ ಎನ್ನತೊಡಗಿತು. ಆಮೇಲೆ ಆ ಸದ್ದೂ ನಿಂತಿತು. ಪರದೆಯ ಮೇಲೆ ಡಬ್ಬಿಯ ಹೆಸರೇ ಇಲ್ಲ. ರಿಪೇರಿಯವನು ಬಂದು ನೋಡಿ, “ಇದಕ್ಕೆ ಜೀವ ಇಲ್ಲ ಸಾರ್. ಬೀರುವಿನದು ಕೊಡಿ, ವಾಪಸ್ ಹಾಕೋಣ,” ಎಂದು ಕೈ ಚಾಚಿದ. ಲಿಫ್ಟಪ್ಪ ಡಬ್ಬಿಯ ಕಡೆ ನೋಡಿದ. ರಿಪೇರಿಯವನು ಕೈ ಹಿಂದಕ್ಕೆಳೆದುಕೊಂಡ.

ಭಾನುವಾರ ಅಣ್ಣ ಬಂದು ತನ್ನ ಕುರ್ಚಿಯಲ್ಲಿ ಕುಳಿತ. ಹೇಳಲೇಬೇಕಾಯಿತು.

“ಒಂದು ತಾನೆ ಕೆಟ್ಟಿರೋದು? ಉಳಿದ ನಾಲ್ಕರಲ್ಲಿ ಅವಳು ಎಷ್ಟಿದಾಳೋ ಅಷ್ಟೇ ತೋರ್ಸು.”

“ಬರೀ ಚೂರುಗಳಣ್ಣ. ಮುಖ ಕಾಣೋಲ್ಲ, ಮಾತು ಬರೋಲ್ಲ.”

“ನನ್ನ ಫೋನಲ್ಲಿ ಇತ್ತಲ್ಲೋ.”

ಅಣ್ಣ ಎದ್ದು ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಕೊನೆಗೆ ತಮ್ಮನೇ ಹೋದ. ಅಣ್ಣ ಟೀವಿಯಿಂದ ಕಣ್ಣು ತೆಗೆಯದೆ ಕೂತ್ಕೋ ಎಂದ. ಏನಾದರೂ ಮಾತು ಬೇಕಲ್ಲ ಎಂದು ಲಿಫ್ಟಪ್ಪ ಸೊಂಟದ ಮೇಲೆ ಕೈಯಿಟ್ಟು, ಒಂದು ವಿಡಿಯೋದಲ್ಲಿದ್ದ ಅತ್ತಿಗೆಯ ಹಾಗೆ ದನಿ ತೆಗೆದ: “ಅಲ್ಲಾ ರೀ, ಕನ್ನಡಕ ಹಣೆ ಮೇಲೇ ಇದೆಯಲ್ಲ, ಮನೆಯೆಲ್ಲ ಯಾಕೆ ತಡಕಾಡ್ತೀರಿ?” ಕೊನೆಗೆ ಅವಳ ಹಾಗೇ ನಕ್ಕ.

“ಅವಳು ನಗಲಿಲ್ಲ,” ಎಂದ ಅಣ್ಣ.

“ನಕ್ಕಳಣ್ಣ. ಸೆರಗು ಬಾಯಿಗೆ ಅಡ್ಡ ಇಟ್ಕೊಂಡು.”

“ಅವತ್ತು ಅವಳಿಗೆ ನಿಜವಾಗ್ಲೂ ಸಿಟ್ಟು ಬಂದಿತ್ತು ಕಣೋ. ನನಗೊತ್ತಿಲ್ವಾ?”

“ನಾನೂ ನಿನ್ನ ಪಕ್ಕದಲ್ಲೇ ಕೂತು ನೋಡಿದೀನಲ್ಲ!”

“ಹಾಗಾದ್ರೆ ಹಾಕು, ನೋಡೋಣ,” ಎಂದ ಅಣ್ಣ. ಅಂದವನೇ ತಮ್ಮನ ಮುಖ ನೋಡಿ, ರಿಮೋಟು ಎತ್ತಿಕೊಂಡು ಟೀವಿಯ ದನಿ ಏರಿಸಿದ.