ಒಬ್ಬರು ನಿಲ್ಲುವಷ್ಟು ಜಾಗ

ಮಾನ್ಯ ಓದುಗರೇ,

ನನ್ನ ಅಕ್ಷರ ದುಂಡಗಿಲ್ಲ. ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದವನಲ್ಲವಾದ್ದರಿಂದ, ಮೊದಲೇ ಕ್ಷಮೆ ಕೋರಿ ಕೆಳಕಂಡ ಸಂಗತಿಯನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ದಿಲ್‌ಸುಖ್‌ನಗರದಲ್ಲಿ ನನ್ನ ತಂಗಿಯ ಫೋಟೊ ಸ್ಟುಡಿಯೊ ಇದೆ. ಗಂಡ ತೀರಿಕೊಂಡ ಮೇಲೆ ಅವಳೇ ಕ್ಯಾಮೆರಾ ಹಿಡಿದಳು. ವಿಧವೆಯೊಬ್ಬಳು ಮದುವೆ ಮಂಟಪ ಹತ್ತಿದರೆ ಮುಖ ಸಿಂಡರಿಸುವವರು ಇದ್ದೇ ಇದ್ದರು. ಕೆಲಸ ಕಡಿಮೆಯಾಗಿ ಅಂಗಡಿ ಮುಚ್ಚುವ ಹಂತಕ್ಕೆ ಬಂತು. ಆಗ ಬೇಗಂಪೇಟೆಯ ಕಲ್ಯಾಣ ಮಂಟಪವೊಂದು, ತನ್ನಲ್ಲಿ ನಡೆಯುವ ಮದುವೆಗಳ ಫೋಟೊ ಕೆಲಸವನ್ನೆಲ್ಲ ಒಬ್ಬರಿಗೇ ವಹಿಸಲು ಅರ್ಜಿ ಕರೆಯಿತು. ಅರ್ಜಿಯೊಂದಿಗೆ ಮಿಷನ್ ಸ್ಟೇಟ್‌ಮೆಂಟ್, ಅಂದರೆ ಸಂಸ್ಥೆ ಏತಕ್ಕಾಗಿ ಇದೆ ಎಂಬ ಬರಹವನ್ನು ಲಗತ್ತಿಸಬೇಕಿತ್ತು.

ಬರೆಯುವ ಹೊಣೆ ನಿವೃತ್ತ ಗುಮಾಸ್ತನಾದ ನನ್ನ ಮೇಲೆ ಬಿತ್ತು. “ಸವಿನೆನಪುಗಳನ್ನು ಚಿರಸ್ಥಾಯಿಗೊಳಿಸುವುದು” ಎಂದು ಬರೆದು ತೋರಿಸಿದೆ.

“ಇದನ್ನ ಎಲ್ಲಾರೂ ಬರೀತಾರ, ಅಣ್ಣಾ. ಸುಲ್ತಾನ್ ಬಜಾರದ ಸೀರಿ ಅಂಗಡಿಯವ್ರೂ ಬರೀತಾರ,” ಎಂದು ತಂಗಿ ನಕ್ಕಳು. “ನಾ ಏನ್ ಮಾಡ್ತೀನಿ ಅಂತ ಒಮ್ಮೆ ಬಂದು ನೋಡು.”

ಹೋದೆ. ಅವಳು ಅಂದು ಫೋಟೊ ತೆಗೆಯಬೇಕಿದ್ದ ಮದುವೆಯ ಮದುಮಗಳ ತಾಯಿ ತೀರಿಕೊಂಡು ಬಹಳ ಕಾಲವಾಗಿರಲಿಲ್ಲ. ಬಂಧುಗಳನ್ನು ಸಾಲಾಗಿ ನಿಲ್ಲಿಸಿದ ತಂಗಿ, ಮದುಮಗಳ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಡಿಸಿದಳು. ತಾಯಿಯ ಹಳೆಯ ಫೋಟೊವನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಲ್ಲಿ ಕೂಡಿಸುತ್ತಾಳೆ. ಬೆಳಕು ಹೊಂದಿಸಲು ಆ ತಾಯಿಯಷ್ಟೇ ಎತ್ತರದವರೊಬ್ಬರು ಬೇಕಿತ್ತು.

“ಅಣ್ಣಾ, ನೀನ ನಿಲ್ಲು. ಅವ್ರೂ ನಿನ್ನಂಗ ಗಿಡ್ಡ ಇದ್ರಂತ.”

ನಿಂತೆ. ಮದುಮಗಳು ನನ್ನತ್ತ ನೋಡದೆಯೇ ನನ್ನ ತೋಳು ಹಿಡಿದಳು. ತಂಗಿ ಸಾಕೆಂದಾಗ ಸಾಲಿನಿಂದ ಹೊರಬಂದೆ. ಆಕೆಯ ಕೈ ಕೆಳಗಿಳಿಯಲಿಲ್ಲ. ಬೆರಳುಗಳು ಏನನ್ನೋ ಹಿಡಿದಂತೆಯೇ ಬಾಗಿದ್ದವು. ಖಾಲಿ ಜಾಗದ ಆಚೆ ಬದಿಯಲ್ಲಿದ್ದ ಆಕೆಯ ಸೋದರಮಾವ, ಯಾರೂ ಹೇಳದೆಯೇ, ಇನ್ನೂ ತುಸು ಸರಿದು ನಿಂತರು. ಫ್ಯಾನಿನ ಗಾಳಿಗೆ ಎಲ್ಲರ ಸೆರಗುಗಳೂ ಹಾರುತ್ತಿದ್ದವು. ಮದುಮಗಳ ಸೆರಗು ಮಾತ್ರ ಅಲುಗಲಿಲ್ಲ.

“ಅಕ್ಕಾರ, ಸ್ವಲ್ಪ ಈ ಕಡೆ ನೋಡ್ರಿ,” ಎಂದಳು ತಂಗಿ. ಯಾರಿಗೆ ಹೇಳಿದಳೆಂದು ನಾನು ಕೇಳಲಿಲ್ಲ.

ಮರುದಿನ ಹಳೆಯ ಒಕ್ಕಣೆಯನ್ನು ರದ್ದುಪಡಿಸಿ ಹೀಗೆ ಬರೆದೆ: “ಬರಲಾಗದವರಿಗೂ ಸ್ಥಳ ಕಾಯ್ದಿರಿಸುವುದು ಈ ಸಂಸ್ಥೆಯ ಧ್ಯೇಯವಾಗಿರತಕ್ಕದ್ದು.”

“ಮದುವಿ ಮನಿಯಾಗ ಸತ್ತವ್ರ ಮಾತ್ಯಾಕ ಅಂದ್ರ?” ತಂಗಿ ಅಳುಕಿದಳು. ಕೆಲಸ ಕೈತಪ್ಪುವ ಭಯ ನನಗೂ ಇತ್ತು. ಕೊನೆಗೆ ಅವಳೇ, “ಖರೇ ಅಂತೂ ಇದ ಐತಿ. ಕೊಡೂಣು ನಡಿ,” ಎಂದಳು.

ಬೀದರ ಕಡೆಯವರಾದ ಮಂಟಪದ ವ್ಯವಸ್ಥಾಪಕರು ನಮ್ಮೆದುರೇ ಓದಿದರು. “ಏನ್ ಯಜಮಾನ್ರ, ತಹಶೀಲ್ದಾರ್ ನೋಟೀಸ್ ಇದ್ದಂಗ ಐತಲ್ರಿ!” ಎಂದು ನಕ್ಕವರು, ಮತ್ತೊಮ್ಮೆ ಓದಿದಾಗ ನಗಲಿಲ್ಲ. “ಇರ್ಲಿ. ಮೊದಲ ನಮ್ಮ ಸ್ಟಾಫಿಂದು ಒಂದ್ ಗ್ರೂಪ್ ಫೋಟೊ ತಗೀರಿ, ನೋಡೂಣು.”

ಅಡುಗೆಯವರು, ಹೂವಿನವರು, ಕಾವಲುಗಾರರು ಬಂದು ಅವರ ಎರಡೂ ಬದಿಗೆ ನಿಂತರು. ತಂಗಿ ಯಾರಿಗೂ ಏನೂ ಹೇಳಿರಲಿಲ್ಲ. ಆದರೂ ವ್ಯವಸ್ಥಾಪಕರ ಬಲಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಉಳಿದಿತ್ತು.

“ಸಾಹೇಬ್ರ, ಈ ಜಾಗ ಯಾರಿಗ್ರಿ?”

“ಯಾರಿಗೂ ಇಲ್ರಿ.”

“ಹಂಗಾದ್ರ ಒತ್ತಿ ನಿಲ್ರಿ.”

ಅವರು ಬಲಕ್ಕೆ ನೋಡಿದರು. ಯಾರೂ ಸರಿಯಲಿಲ್ಲ. “ಬ್ಯಾಡ,” ಎಂದರು ಮೆಲ್ಲಗೆ, “ಹಿಂಗ ತಗೀರಿ.”

ಕೆಲಸ ತಂಗಿಗೇ ಮಂಜೂರಾಯಿತು, ಸ್ಟುಡಿಯೊ ಉಳಿಯಿತು. ಆ ಚಿತ್ರವನ್ನು ಮಂಟಪದ ಕಚೇರಿಯಲ್ಲಿ ನಮ್ಮ ಧ್ಯೇಯದ ಬರಹದ ಪಕ್ಕ ತೂಗುಹಾಕಿದ್ದಾರೆ. ಅದರಲ್ಲಿ ಕೂಡಿಸಲೆಂದು ಹಳೆಯ ಫೋಟೊ ಒಂದನ್ನೂ ಈವರೆಗೆ ಯಾರೂ ತಂದುಕೊಟ್ಟಿಲ್ಲ. ವ್ಯವಸ್ಥಾಪಕರ ಜೊತೆ ಹೋಗುವಾಗ ಸಿಬ್ಬಂದಿಯೆಲ್ಲ ಅವರ ಎಡಗಡೆಯಲ್ಲೇ ನಡೆಯುವುದನ್ನು ಈಚೆಗೆ ಗಮನಿಸಿದ್ದೇನೆ. ನಾನೂ ಹಾಗೆಯೇ ನಡೆಯುತ್ತೇನೆ.

ಈ ಬರಹದಲ್ಲಿ ದೋಷಗಳು ಕಂಡುಬಂದಲ್ಲಿ, ಓದುಗ ಮಹಾಶಯರು ಸಂಕೋಚವಿಲ್ಲದೆ ಕೆಂಪು ಶಾಯಿಯಲ್ಲಿ ತಿದ್ದಬೇಕಾಗಿ ವಿನಂತಿ.