ಅಹಗ್ಗರ್ ಬೆಟ್ಟದಲ್ಲಿ ನಾನು ಕಟ್ಟಿದ ಮನೆ

ಹ್ಯೂಸ್ಟನ್ ಹತ್ತಿರದ ಫುಲ್‌ಶೀರ್‌ನಲ್ಲಿ ನಮ್ಮ ಹೊಸ ಮನೆಗೆ ಇನ್ನೂ ತಳಪಾಯವೇ ಬಿದ್ದಿರಲಿಲ್ಲ. ಬಿಲ್ಡರ್ ತಿಂಗಳಿಗೊಂದು ನೆಪ ಹೇಳುತ್ತಿದ್ದ. ಆ ಚಳಿಗಾಲದಲ್ಲೇ ನನ್ನ ಮಾವ ನನ್ನನ್ನು ಅಲ್ಜೀರಿಯಾಕ್ಕೆ ಎಳೆದುಕೊಂಡು ಹೋದರು. ಅವರು ಹುಬ್ಬಳ್ಳಿಯವರು, ಡಾಲಸ್‌ನಲ್ಲಿ ಮೂವತ್ತು ವರ್ಷ ಡಾಕ್ಟರಾಗಿದ್ದು ರಿಟೈರಾದವರು. ಸಹಾರಾದ ನಡುವೆ ಅಹಗ್ಗರ್ ಎಂಬ ರಾಷ್ಟ್ರೀಯ ಉದ್ಯಾನವಿದೆ, ತುವಾರೆಗ್ ಜನರ ಸೀಮೆ ಅದು, ಬಂಡೆಗಳ ಮೇಲೆ ಸಾವಿರಾರು ವರ್ಷ ಹಳೆಯ ದನಗಳ ಚಿತ್ರಗಳಿವೆ ಎಂದು ಎಲ್ಲೋ ಓದಿದ್ದರು. ನನ್ನ ಹೆಂಡತಿಗೆ ರಜೆ ಸಿಗಲಿಲ್ಲ. ಹ್ಯೂಸ್ಟನ್ ಏರ್‌ಪೋರ್ಟಿನಲ್ಲಿ ಅವಳು ನನಗೆ ಹೇಳಿದ್ದು ಇಷ್ಟೇ:

"ಅಪ್ಪಂಗ ಶುಗರ್ ಅದ. ತಿನ್ನೋದು ನಿನ್ನ ಬ್ಯಾಗಿನಾಗ ಇಟ್ಕೋ, ಅವರ ಜೋಡಿ ಇರು. ಬ್ಯಾರೆ ಏನೂ ಮಾಡಬ್ಯಾಡ."

ನನ್ನನ್ನು ಚೆನ್ನಾಗಿ ಬಲ್ಲವಳು.

ತಯಾರಿಗೆಂದು ನಾನು ಆಸ್ಟಿನ್ ಹತ್ತಿರದ ಬೋಳುಗುಡ್ಡವೊಂದನ್ನು ಹತ್ತಿದ್ದೆ. ಇಳಿಯುವಾಗ ಕೂತೇ ಇಳಿದದ್ದರಿಂದ ಪ್ಯಾಂಟಿನ ಹಿಂಭಾಗ ಟೆಕ್ಸಸ್‌ನ ಪಾಲಾಯಿತು. ಅಹಗ್ಗರ್‌ನಲ್ಲಿ ನಮ್ಮ ತುವಾರೆಗ್ ಗೈಡ್ ಕಣ್ಣು ಮಾತ್ರ ಕಾಣುವಂತೆ ನೀಲಿ ಬಟ್ಟೆ ಸುತ್ತಿದ್ದ. ನಾನೂ ಐದು ಮೀಟರ್ ಸುತ್ತಿಕೊಂಡೆ.

"ಮೂವತ್ತು ವರ್ಷದಾಗ ಇಂಥಾ ಬ್ಯಾಂಡೇಜ್ ನಾ ನೋಡಿಲ್ರಿ, ಅಳಿಯಂದ್ರ," ಎಂದರು ಮಾವ.

ಮೂರನೆಯ ದಿನ ಮಧ್ಯಾಹ್ನ ಚಿತ್ರಗಳಿದ್ದ ಬಂಡೆಗೆ ಹೋದೆವು. ಸುತ್ತ ಸುಟ್ಟ ಹಲ್ಲುಗಳಂತೆ ಎದ್ದು ನಿಂತ ಕಪ್ಪು ಶಿಖರಗಳು. ಗಾಳಿ ನಿಂತುಬಿಟ್ಟಿತ್ತು. ಕಿವಿಯೊಳಗೆ ರಕ್ತ ಹರಿಯುವ ಸದ್ದು ಕೇಳುವಷ್ಟು ಮೌನ. ಹುಲ್ಲುಕಡ್ಡಿಯೂ ಇಲ್ಲದ ಆ ಜಾಗದಲ್ಲಿ ಕೆಂಪು ದನಗಳ ಮಂದೆಯೊಂದು ಬಂಡೆಯ ಮೇಲೆ ಮೇಯುತ್ತಿತ್ತು. ನನಗೆ ಯಾಕೋ ಭಯವಾಯಿತು. ಗೈಡ್ ರೊಟ್ಟಿ ಸುಡಲು ಮುಂದೆ ಕ್ಯಾಂಪಿಗೆ ಹೋದ. ಮಾವ ಕದಲಲಿಲ್ಲ.

"ನೀವು ನಡೀರಿ. ನಾ ಇನ್ನ ಹತ್ತ ನಿಮಿಷ ಈ ಆಕಳಾ ನೋಡಿ ಬರ್ತೀನಿ. ಕಲ್ಲಿನ ಗುರ್ತ ಅದಾವಲ್ಲ, ದಾರಿ ತಪ್ಪಂಗಿಲ್ಲ."

ಯಾವ ಕಲ್ಲು, ಯಾವ ಗುರುತು ಎಂದು ನಾನು ಕೇಳಲಿಲ್ಲ. ಗೈಡ್ ಅದನ್ನು ವಿವರಿಸುವಾಗ ನಾನು ಸೆಲ್ಫಿ ತೆಗೆಯುತ್ತಿದ್ದೆ.

ನಮ್ಮ ಕಡೆ ಬೆಟ್ಟದ ದೇವರಿಗೆ ಹೋದವರು ದಾರಿಯಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಸ್ವಂತ ಮನೆಯಾಗಲಿ ಎಂದು ಬೇಡಿಕೊಳ್ಳುತ್ತಾರೆ. ಅಂಥವೇ ಪುಟ್ಟ ಗೋಪುರಗಳು ಇಲ್ಲೂ ಅಲ್ಲಲ್ಲಿ ಕಂಡಿದ್ದವು. ಪಾಪ, ಡೇರೆಯಲ್ಲಿ ಬಾಳಿದ ಈ ಜನಕ್ಕೂ ಮನೆಯ ಚಿಂತೆ ತಪ್ಪಿಲ್ಲವಲ್ಲ ಎಂದು ಮರುಗಿದ್ದೆ. ಕಣಿವೆ ಕವಲೊಡೆಯುವಲ್ಲಿ ಕ್ಯಾಂಪಿನ ದಾರಿ ಬಲಕ್ಕಿತ್ತು. ಎಡಕ್ಕೆ ಒಳ್ಳೊಳ್ಳೆಯ ಚಪ್ಪಟೆ ಕಲ್ಲುಗಳು. ಫುಲ್‌ಶೀರ್ ಮನೆಗೆಂದು ಐದು ಅಂತಸ್ತು ಪೇರಿಸಿದೆ. ಆ ಕಡೆಗೇ ಇಪ್ಪತ್ತು ಹೆಜ್ಜೆ ಮುಂದೆ ದೇವರ ಕೋಣೆಗೆ ಒಂದು. ತಿರುವಿನಾಚೆ ಮೂರು ಕಾರಿನ ಗ್ಯಾರೇಜಿಗೆ ಇನ್ನೊಂದು. ಫೋಟೋ ತೆಗೆದು, ಕೈ ಮುಗಿದು, ಕವಲಿಗೆ ಮರಳಿ ಬಲಗಡೆಯ ದಾರಿಯಲ್ಲಿ ಕ್ಯಾಂಪಿಗೆ ಇಳಿದೆ.

ಗೈಡ್ ಚಹಾ ಕೊಟ್ಟ. ಒಂದು ಲೋಟ ಮುಗಿಯಿತು. ಎರಡನೆಯದೂ ಮುಗಿಯಿತು. ಮಾವ ಬರಲಿಲ್ಲ.

"ಕವಲಿನಲ್ಲಿ ಏನಾದ್ರೂ ಮುಟ್ಟಿದ್ಯಾ?" ಎಂದು ಅವನು ತನ್ನ ತುಂಡು ಇಂಗ್ಲಿಷಿನಲ್ಲಿ ಕೇಳಿದ.

ನಾನು ಹೆಮ್ಮೆಯಿಂದ ಫೋಟೋ ತೋರಿಸಿದೆ. ಅವನು ಲೋಟ ಕೆಳಗಿಟ್ಟು ಎದ್ದ.

"ನಮ್ಮ ಅಜ್ಜಂದಿರು ಇಟ್ಟ ಕಲ್ಲು ದಾರಿ ಹೇಳುತ್ತೆ. ನೀನು ಇಟ್ಟಿದ್ದೂ ದಾರಿ ಹೇಳುತ್ತೆ."

"ಆ ಕಡೆ ಏನಿದೆ?"

"ಏನೂ ಇಲ್ಲ."

ಅಷ್ಟರಲ್ಲಿ ನನ್ನ ಹೆಗಲ ಮೇಲಿನ ಬ್ಯಾಗು ಭಾರವಾಯಿತು. ಖರ್ಜೂರ, ಬಿಸ್ಕತ್ತು, ಗ್ಲೂಕೋಸ್, ಎಲ್ಲ ಅದರಲ್ಲೇ ಇತ್ತು. ಮಾವ ಇನ್ಸುಲಿನ್ ತೆಗೆದುಕೊಂಡಿದ್ದರು, ಆಮೇಲೆ ಸರಿಯಾಗಿ ಉಂಡಿರಲಿಲ್ಲ. ಶಿಖರಗಳ ನೆರಳು ಆಗಲೇ ಕಣಿವೆಯನ್ನು ಅರ್ಧ ನುಂಗಿತ್ತು. ಸೂರ್ಯ ಮುಳುಗಿದರೆ ಅಲ್ಲಿ ನೀರೂ ಹೆಪ್ಪುಗಟ್ಟುತ್ತದೆ.

ಓಡಿದೆವು. ನಾನು "ಮಾವಾ" ಎಂದು ಕೂಗಿದರೆ ನಾಲ್ಕು ಕಡೆಯಿಂದ ನನ್ನದೇ ದನಿ ಮರಳುತ್ತಿತ್ತು, ನಾಲ್ಕು ಮಾವಂದಿರನ್ನು ಕಳೆದುಕೊಂಡವನಂತೆ. ಗ್ಯಾರೇಜಿನ ಆಚೆ ಮರಳಿನಲ್ಲಿ ಅವರ ಹೆಜ್ಜೆಗಳಿದ್ದವು. ಮೊದಮೊದಲು ನೇರವಾಗಿದ್ದವು, ಆಮೇಲೆ ಅಡ್ಡಾದಿಡ್ಡಿ. ಒಂದು ಕಡೆ ಟೋಪಿ ಬಿದ್ದಿತ್ತು. ಗೈಡ್ ಅದನ್ನು ಎತ್ತಿಕೊಂಡ, ನನಗೆ ಕೊಡಲಿಲ್ಲ.

ಬಂಡೆಯೊಂದರ ಬುಡದಲ್ಲಿ ಮಾವ ಕೂತಿದ್ದರು. ಆ ಚಳಿಯಲ್ಲೂ ಅಂಗಿ ಬೆವರಿನಿಂದ ತೊಯ್ದಿತ್ತು. ನನ್ನನ್ನು ನೋಡಿ, "ಕೂಡ್ರಿ. ಎಷ್ಟ ದಿವಸದಿಂದ ನೋವದ?" ಎಂದರು.

ನಾನು ನಕ್ಕೆ. ಆಮೇಲೆ ಅರ್ಥವಾಯಿತು, ಅವರು ತಮಾಷೆ ಮಾಡುತ್ತಿರಲಿಲ್ಲ; ಶುಗರ್ ಇಳಿದು ನನ್ನ ಗುರುತೇ ಸಿಕ್ಕಿರಲಿಲ್ಲ.

ಬ್ಯಾಗಿನಿಂದ ಗ್ಲೂಕೋಸ್ ಪೊಟ್ಟಣ ತೆಗೆದೆ. ಗೈಡ್ ಹಲ್ಲಿನಿಂದ ಹರಿದು ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಸಿದ. ನಾನು ಅವರ ತಲೆ ಹಿಡಿದು ಕೂತೆ. ಎಷ್ಟೋ ಹೊತ್ತಿನ ಮೇಲೆ ಮಾವನ ಬಲಗೈ ತಾನಾಗಿ ಎಡಗೈಯ ನಾಡಿಯನ್ನು ಹುಡುಕಿಕೊಂಡಿತು. ತುಟಿ ಎಣಿಸತೊಡಗಿತು.

"ಕಲ್ಲ ನೋಡ್ಕೋತ ಬಂದೆ," ಎಂದರು. "ಭಾಳ ಚಂದ ಇಟ್ಟಿದ್ರು. ಆಮ್ಯಾಲೆ ಒಮ್ಮಿಂದೊಮ್ಮೆಲೇ ಕಲ್ಲ ಇಲ್ಲ. ಯಾರ್ರಿ ಇಟ್ಟಿದ್ರು?"

ಗೈಡ್‌ಗೆ ಕನ್ನಡ ಬರುತ್ತಿರಲಿಲ್ಲ. ಆದರೂ ನನ್ನ ಕಡೆ ತಿರುಗಿದ.

"ನಾನು, ಮಾವ."

ಅವರು ಎಣಿಸುವುದನ್ನು ನಿಲ್ಲಿಸಿದರು. ನನ್ನ ಮುಖವನ್ನೇ ನೋಡಿದರು, ರಿಪೋರ್ಟು ಓದುವ ಹಾಗೆ.

"ಮುಂದ ನಡೀರಿ," ಎಂದರು ಕೊನೆಗೆ. "ನನ್ನ ಕಣ್ಣಿಗೆ ಕಾಣಂಗ."

ಗೈಡ್ ಅವರ ತೋಳು ಹಿಡಿದುಕೊಂಡ. ನಾನು ಮುಂದೆ ನಡೆದೆ. ಹಿಂದೆ ಅವರ ಹೆಜ್ಜೆ ಕೇಳುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ನಾನೂ ನಿಂತೆ. ತಿರುಗಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.