ಪೆಟ್ಟಿಗೆಯ ಶ್ರುತಿಗೆ ಕೂಡಿದ ಮದ್ದಳೆ

ಮೊನ್ನೆ ಹಳೆಯ ರೇಡಿಯೋಕ್ಕೆ ಕರೆಂಟು ಕೊಟ್ಟು ನೋಡಿದೆ. ಅದು ಮಾತಾಡಲಿಲ್ಲ, ವಾಲ್ವಿನ ಮೇಲಿನ ಧೂಳು ಸುಟ್ಟ ವಾಸನೆಯನ್ನಷ್ಟೇ ಬಿಟ್ಟಿತು. ಅಷ್ಟಕ್ಕೇ ಬಂಟ್ವಾಳದ ನಮ್ಮ ನೆರೆಮನೆಯ ಮದ್ದಳೆಗಾರರು ನೆನಪಾದರು...

ಅರುವತ್ತರ ದಶಕ. ನಾನು ಹೊಸದಾಗಿ ಮಾಸ್ತರನಾಗಿದ್ದೆ. ಅವರು ತಮ್ಮ ಗುರುಗಳಾದ ಭಾಗವತರ ಯಕ್ಷಗಾನ ಮೇಳದಲ್ಲಿದ್ದರು. ಆದಿತ್ಯವಾರ ಮಧ್ಯಾಹ್ನ ಅವರ ಜಗಲಿಗೆ, ಮದುವೆಮನೆಗಳಿಗೆ ಮೈಕ್ ಕಟ್ಟುವ ಬ್ಯಾರಿ ಸಾಹೇಬರೊಬ್ಬರು ತಮ್ಮ ವಾಲ್ವಿನ ಆಂಪ್ಲಿಫಯರ್ ಪೆಟ್ಟಿಗೆ ತರುತ್ತಿದ್ದರು; ಬಿಸಿಯಾದರೆ ಅದಕ್ಕೂ ಇದೇ ಸುಟ್ಟ ಧೂಳಿನ ವಾಸನೆ. ಮೈಕನ್ನು ಧ್ವನಿವರ್ಧಕದ ಕಡೆ ತಿರುಗಿಸಿದರೆ ಅದು ಕಿರುಚುವುದು ಊರಿಗೆಲ್ಲ ಗೊತ್ತಿದ್ದ ಉಪದ್ರವ. ನಮ್ಮ ಮದ್ದಳೆಗಾರರು ಮೈಕಿಗೆ ಬಟ್ಟೆ ಸುತ್ತಿ, ಹಿಂದೆ ಮುಂದೆ ಸರಿಸಿ, ಆ ಕಿರುಚಾಟವನ್ನು ಒಂದೇ ಎಳೆಯ ನಾದವಾಗಿ ಪಳಗಿಸಿ, ಮದ್ದಳೆಯನ್ನು ಅದಕ್ಕೆ ಶ್ರುತಿಮಾಡಿ ಬಾರಿಸುತ್ತಿದ್ದರು.

“ಇದನ್ನು ನಿಲ್ಲಿಸುವುದು ಹೇಗೆಂತ ಕಲಿಯಲಿಕ್ಕೆ ನಾನು ಮಂಗಳೂರಿಗೆ ಹೋಗಿ ಬಂದದ್ದು. ನೀವು ಇದೇ ಬೇಕು ಹೇಳ್ತೀರಲ್ಲ ಮಾರಾಯ್ರೆ!” ಎಂದರು ಬ್ಯಾರಿಗಳು.

“ಕಿರುಚುವುದಲ್ಲ, ಅದು ಹಾಡ್ತಾ ಉಂಟು. ಕೇಳಿ.”

ಬೀದಿನಾಯಿಗಳು ತಮ್ಮ ಭಿನ್ನಮತವನ್ನು ದಾಖಲಿಸಿದವು. ನನಗೆ ಮಾತ್ರ ಮೈ ಜುಮ್ಮೆಂದಿತು.

ಇದಕ್ಕೆ ಮೇಳದಲ್ಲೊಂದು ಜಾಗ ಸಿಗಬೇಕೆಂಬುದು ಅವರ ಆಸೆ. ಮೂಡುಬಿದಿರೆಯಲ್ಲಿ, ವೇಷವಿಲ್ಲದೆ ಕೂತು ನಡೆಸುವ ಒಂದು ತಾಳಮದ್ದಳೆಗೆ ಪೆಟ್ಟಿಗೆಯೂ ಬಂತು. ಭಾಗವತರ ಶ್ರುತಿಗೆ ಮದ್ದಳೆ ಕೂಡಬೇಕೆನ್ನುವುದು ಅಲ್ಲಿ ಸಂವಿಧಾನ. ಇವರೋ, ಪೆಟ್ಟಿಗೆಗೆ ಕೂಡಿಸಿಟ್ಟುಕೊಂಡು, ತುಂಬಿದ ಸಭೆಯಲ್ಲಿ ಕೈಮುಗಿದು ಹೇಳಿಯೇಬಿಟ್ಟರು: “ಇವತ್ತೊಂದು ದಿನ ಇದರ ಶ್ರುತಿಗೆ ಹಾಡಿ ನೋಡುವ, ಭಾಗವತರೇ.”

“ಶ್ರುತಿ ಕೊಡುವವ ನಾನು. ಇನ್ನು ಕರೆಂಟಿನ ಹತ್ತಿರ ಕೇಳಿ ಹಾಡಬೇಕಾ?” ಭಾಗವತರು ತಾಳ ಕೆಳಗಿಟ್ಟರು. ಮದ್ದಳೆಗೆ ಬೇರೊಬ್ಬರು ಕುಳಿತ ಮೇಲೆಯೇ ಅದನ್ನು ಮತ್ತೆ ಎತ್ತಿಕೊಂಡದ್ದು.

ಮೇಳ ಹೊರಡುವ ಮೊದಲು ಕಲಾವಿದರ ಮನೆಗೆ ವೀಳ್ಯ ಬರುವುದು ಪದ್ಧತಿ; ಬಂದರೆ ಆ ವರ್ಷ ಕೆಲಸ ಉಂಟು. ಆ ವರ್ಷ ಬರಲಿಲ್ಲ. ಮರುವರ್ಷವೂ...

“ಹೋಗಿ ತಪ್ಪಾಯ್ತು ಹೇಳಿ ಬನ್ನಿ,” ಎಂದು ಹೆಂಡತಿ ಗೋಗರೆದರು.

“ಸಭೆಯಲ್ಲಿ ಹೇಳಿದ್ದು ತಪ್ಪು. ಅದಕ್ಕೆ ಕಾಲು ಹಿಡೀತೇನೆ. ಆದರೆ ಆ ನಾದವೇ ತಪ್ಪು ಅಂತ ಹೇಳಬೇಕಂತೆ. ಅದು ಹೇಗೆ ಹೇಳುವುದು?”

ಹೇಳಲಿಲ್ಲ. ಬ್ಯಾರಿಗಳು ಪೆಟ್ಟಿಗೆ ಮಾರಿ ಬೊಂಬಾಯಿಗೆ ಹೋದರು. ಮನೆಯಲ್ಲಾದರೂ ಬಾರಿಸಬಾರದೇ ಎಂದೆ.

“ಅದು ಇಲ್ಲದೆ ಬಾರಿಸಿದರೆ, ಮಾಸ್ತರೇ, ಯಾರೂ ಇಲ್ಲದ ಮನೆಯಲ್ಲಿ ಮಾತಾಡಿದ ಹಾಗೆ ಆಗ್ತದೆ.”

ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಅವರು ತೀರಿಹೋದದ್ದು ತಡವಾಗಿ ತಿಳಿಯಿತು...

ಈಗ ಉಜಿರೆಯ ವೇದಿಕೆಯಲ್ಲಿ ಹುಡುಗರು ಸಿಂಥಸೈಜರಿನ ಜೊತೆ ಚೆಂಡೆ, ಮದ್ದಳೆ ನುಡಿಸುತ್ತಾರೆ. ಇಂಥದ್ದು ಇದೇ ಮೊದಲೆಂದು ನಿರೂಪಕರು ಗಂಭೀರವಾಗಿ ಘೋಷಿಸುತ್ತಾರೆ. ಅಲ್ಲವೆನ್ನಲು ನನ್ನಲ್ಲಿ ಸಾಕ್ಷಿಯಿಲ್ಲ. ಚಪ್ಪಾಳೆ ತಟ್ಟುತ್ತೇನೆ. ಚೆನ್ನಾಗಿಯೇ ಬಾರಿಸುತ್ತಾರೆ ಮಕ್ಕಳು, ಕೇಳಬೇಕಾದವರು ಇಲ್ಲ.